ಕೆಸರಿನ ಹೆಜ್ಜೆ ಕೋಟ್ಯಂತರ ವರ್ಷ ಉಳಿದದ್ದು ಹೇಗೆ?

ಪ್ರಶ್ನೆ: ದಡದ ಕೆಸರಲ್ಲಿ ಇಟ್ಟ ಹೆಜ್ಜೆ ಒಂದು ಮಳೆಗೆ ಅಳಿಸಿಹೋಗುತ್ತದೆ. ಹಾಗಿದ್ದರೆ ಪುರಾತನ ಸರೋವರಗಳ ದಂಡೆಯಲ್ಲಿ ಡೈನೊಸಾರ್‌ಗಳ ಹೆಜ್ಜೆಗುರುತು ಹೇಗೆ ಉಳಿದವು?

ಉತ್ತರ: ಅವುಗಳಲ್ಲೂ ಬಹುಪಾಲು ಅಳಿಸಿಯೇ ಹೋದವು. ಉಳಿದದ್ದು ಕೆಸರು ಸರಿಯಾದ ಹದದಲ್ಲಿದ್ದಾಗ ಬಿದ್ದ ಹೆಜ್ಜೆ.

ನೀರು ಹೆಚ್ಚಿದ್ದರೆ ಕಾಲೆತ್ತಿದ ಕೂಡಲೇ ಕೆಸರು ಕುಸಿದು ಕುಳಿ ಮುಚ್ಚಿಕೊಳ್ಳುತ್ತದೆ. ಒಣಗಿದ್ದರೆ ಅಚ್ಚೇ ಮೂಡದು. ಮಡಕೆ ಮಾಡಲು ಕಲಸಿದ ಜೇಡಿಯಷ್ಟು ಗಟ್ಟಿಯಿದ್ದರೆ ಬೆರಳು, ಉಗುರು, ಕೆಲವೊಮ್ಮೆ ಚರ್ಮದ ಹುರುಪೆಯೂ ಮೂಡುತ್ತದೆ. ಸರೋವರದ ಅಂಚಿನಲ್ಲಿ ಈ ಹದ ಕೆಲವೇ ಮೀಟರುಗಳಲ್ಲಿ ಬದಲಾಗುವುದರಿಂದ, ಒಂದೇ ಪ್ರಾಣಿಯ ಹೆಜ್ಜೆಗಳು ನೀರಿನ ಬಳಿ ಕಲಸಿಹೋಗಿ, ದಡದ ಮೇಲೆ ಸ್ಪಷ್ಟವಾಗಿ ಕಾಣಬಹುದು. ಆಕಾರ ಬೇರೆಯೆಂದು ಪ್ರಾಣಿಯೂ ಬೇರೆ ಎನ್ನುವ ಆತುರ ಬೇಡ.

ಅಚ್ಚು ಬಿದ್ದ ಮೇಲೆ ಅದು ಒಣಗಿ ಬಿಗಿಯಾಗಬೇಕು. ಕೆಸರಿನ ಮೇಲೆ ಸೂಕ್ಷ್ಮಜೀವಿಗಳ ತೆಳು ಪೊರೆ ಬೆಳೆದಿದ್ದರೆ ಅದೂ ಕಣಗಳನ್ನು ಕಟ್ಟಿಹಿಡಿಯುತ್ತದೆ. ನಂತರ ಹೂಳು ಮೆಲ್ಲಗೆ ಬಂದು ಮುಚ್ಚಬೇಕು. ಪ್ರವಾಹ ಮೇಲ್ಪದರವನ್ನು ಕೆರೆದೊಯ್ಯುತ್ತದೆ. ನಿಧಾನವಾಗಿ ಏರುವ ಸರೋವರದ ನೀರು ಹಾಗೆ ಕೆರೆಯದೆ ಹೂಳನ್ನು ತಂದು ಹಾಸುತ್ತದೆ. ಹಾಗೆ ಮುಚ್ಚುವ ಹೂಳು ಬೇರೆ ಬಗೆಯದಾಗಿದ್ದರೆ ಒಳ್ಳೆಯದು. ಜೇಡಿಯ ಕುಳಿಗೆ ಮರಳು ತುಂಬಿದರೆ ಎರಡರ ನಡುವೆ ಸಡಿಲ ಗಡಿ ಉಳಿದು, ಮುಂದೆ ಕಲ್ಲು ಅಲ್ಲಿಯೇ ಸೀಳುತ್ತದೆ. ಜೇಡಿಯ ಮೇಲೆ ಜೇಡಿಯೇ ತುಂಬಿದರೆ ಗುರುತು ಬಂಡೆಯೊಳಗೇ ಹುದುಗಿ, ಯಾರ ಕಣ್ಣಿಗೂ ಬೀಳದು. ಮೇಲಿನ ಪದರಗಳ ಭಾರವೂ ನೀರಿನಲ್ಲಿ ಕರಗಿದ ಸುಣ್ಣ, ಸಿಲಿಕಾಗಳೂ ಕಣಗಳನ್ನು ಬೆಸೆದು ಕಲ್ಲಾಗಿಸುತ್ತವೆ.

ಹೀಗಾಗಿ ಗುರುತು ತಗ್ಗಾಗಿಯೇ ಇರಬೇಕೆಂದಿಲ್ಲ. ಅಮೆರಿಕದ ಯೂಟಾದ ಸೇಂಟ್ ಜಾರ್ಜ್‌ನಲ್ಲಿ 2000ರಲ್ಲಿ ನೆಲ ಸಮ ಮಾಡುವಾಗ ಮಗುಚಿದ ಮರಳುಗಲ್ಲಿನ ಚಪ್ಪಡಿಯ ಅಡಿಭಾಗದಲ್ಲಿ ಪಾದಗಳು ಉಬ್ಬಾಗಿ ಕಂಡವು. ಕುಳಿಗೆ ಇಳಿದ ಮರಳು ಅಚ್ಚಿನಿಂದ ತೆಗೆದಂತೆ ಗಟ್ಟಿಯಾಗಿತ್ತು. ಅಲ್ಲಿ ಈಜುವಾಗ ಉಗುರು ತಳಕ್ಕೆ ತಾಗಿ ಮೂಡಿದ ಸಮಾಂತರ ಗೀರುಗಳೂ ಇವೆ. ಕೊಲರಾಡೊದ ಪರ್ಗಟ್ವಾರ್ ನದಿಯ ಬಳಿ, ಸುಮಾರು 15 ಕೋಟಿ ವರ್ಷ ಹಿಂದಿನ ಸರೋವರದ ದಡದಲ್ಲಿ 1,300ಕ್ಕೂ ಹೆಚ್ಚು ಹೆಜ್ಜೆಗಳಿವೆ. ಉದ್ದ ಕತ್ತಿನ ಸಸ್ಯಾಹಾರಿಗಳು ಒಂದರ ಪಕ್ಕ ಒಂದು ಸಾಗಿದ ಸಾಲುಗಳು ಅಲ್ಲಿ ಕಾಣುತ್ತವೆ.

ಅಳೆಯುವವರು ಎಡವುವುದು ಒಳಗುರುತಿನಲ್ಲಿ. ಭಾರದ ಕಾಲು ತಾನು ತುಳಿದ ಪದರವನ್ನಷ್ಟೇ ಅಲ್ಲ, ಅದರ ಕೆಳಗಿನವನ್ನೂ ಅದುಮುತ್ತದೆ. ಮೇಲಿನ ಪದರ ಸವೆದಾಗ ನಮಗೆ ಕಾಣುವುದು ಈ ಕೆಳಗಿನ ತಗ್ಗು: ಅಂಚು ದುಂಡಗೆ, ಉಗುರು ಮಸುಕು, ಕೆಲವೊಮ್ಮೆ ಅಳತೆಯೂ ನಿಜಕ್ಕಿಂತ ದೊಡ್ಡದು.

ಇದು ಹೆಜ್ಜೆಗುರುತಿನಿಂದ ಪ್ರಾಣಿಯ ವೇಗ ತಿಳಿಯುವ ಲೆಕ್ಕವನ್ನೇ ಬದಲಿಸುತ್ತದೆ. 1976ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಮ್ಯಾಕ್ನೀಲ್ ಅಲೆಕ್ಸಾಂಡರ್ ಕೊಟ್ಟ ಸೂತ್ರಕ್ಕೆ ಬೇಕಾದದ್ದು ಸೊಂಟದ ಎತ್ತರ, ಅಂದರೆ ಪಾದದ ಉದ್ದದ ಸುಮಾರು 4 ಪಟ್ಟು, ಮತ್ತು ಒಂದೇ ಕಾಲಿನ ಎರಡು ಸತತ ಗುರುತುಗಳ ನಡುವಿನ ದೂರ. ಪಾದ 30 ಸೆಂ.ಮೀ., ದೂರ 2 ಮೀಟರ್ ಇದ್ದರೆ ವೇಗ ಗಂಟೆಗೆ ಸುಮಾರು 7 ಕಿ.ಮೀ. ಅದೇ ಪಾದವನ್ನು ಒಳಗುರುತಿನಲ್ಲಿ 36 ಸೆಂ.ಮೀ. ಎಂದು ಅಳೆದರೆ ಉತ್ತರ 6 ಕಿ.ಮೀ.ಗೂ ಕಡಿಮೆ.