ಅಸಲಿ ನೀಲ, ಕಾಸಿದ ನೀಲ

ಮಾಮಾಗೆ ಸಾಡೇಸಾತಿ ಶುರುವಾಗಿದೆ ಅಂತ ಮನೆಯವರೆಲ್ಲ ಸೇರಿ ನೀಲ ಹಾಕಿಸಿದರು. ಕಲಬುರಗಿಯ ಒಂದು ಅಂಗಡಿ, ಐದೂಕಾಲು ರತ್ತಿ ಹರಳು. "ಅಸಲಿ ಅದ ಏನ್ರಿ?" ಅಂತ ಮಾಮಾ ಕೇಳಿದರು. "ಅಸಲಿನೇ ಅದ್ರಿ, ಸಿಲೋನ್ ಮಾಲ್" ಅಂದರು ಅಂಗಡಿಯವರು. ಮಾತು ಅಲ್ಲಿಗೇ ಮುಗಿಯಿತು. ಮನೆಗೆ ಬಂದು ಹರಳನ್ನು ಒಂದು ಲೋಟ ಹಾಲಿಗೆ ಬಿಟ್ಟು ನೋಡಿದರು, ಅಸಲಿ ಇದ್ದರೆ ಹಾಲು ನೀಲಿ ಕಾಣುತ್ತದಂತೆ. ಕಂಡಿತು. ಟ್ಯೂಬ್‌ಲೈಟ್ ಕೆಳಗೆ ನೀಲಿ ಬಳೆಚೂರು ಹಾಕಿದ್ದರೂ ಕಾಣುತ್ತಿತ್ತು, ಆದರೆ ಅವತ್ತು ಅದನ್ನು ಹೇಳೋರು ಯಾರು?

ಆರು ತಿಂಗಳ ಮೇಲೆ ಲ್ಯಾಬ್ ರಿಪೋರ್ಟ್ ಬಂತು. ನೆಲದಿಂದ ಬಂದ ನೀಲವೇ, ಆದರೆ ಕಾಸಿದ ಗುರುತುಗಳಿವೆ. "ಸುಟ್ಟ ಹರಳು ಕೊಟ್ಟಾನ ಮಗ!" ಅಂತ ಮಾಮಾ ಕೂಗಾಡಿದ್ದು ಇನ್ನೂ ನೆನಪಿದೆ. ಅಂಗಡಿಯವರು ಸುಳ್ಳು ಹೇಳಿದರಾ? ಇಲ್ಲ. ಖರೇ ಹೇಳಿದರಾ? ಅದೂ ಇಲ್ಲ. ಎಲ್ಲ ಗೋಜಲು ಇರೋದು ಆ 'ಅಸಲಿ' ಅನ್ನೋ ಮಾತಿನಲ್ಲೇ.

ಹರಳನ್ನು ಬೆಂಕಿಗಿಡೋದು ಹೊಸದೇನಲ್ಲ. ಸಾವಿರ ವರ್ಷದ ಹಿಂದೆಯೇ ಅಲ್-ಬಿರೂನಿ ಅನ್ನೋ ಪಂಡಿತ ಕೆಂಪು ಹರಳನ್ನು ಕಾಸಿ ಬಣ್ಣ ತಿಳಿ ಮಾಡುವುದರ ಬಗ್ಗೆ ಬರೆದಿದ್ದಾನೆ. ಶ್ರೀಲಂಕಾದವರು ಇದ್ದಿಲ ಕೆಂಡದಲ್ಲಿ ಹರಳಿಟ್ಟು ಕೊಳವೆಯಿಂದ ಊದಿ ಊದಿ ಮಾಡುತ್ತಿದ್ದರು, ನಮ್ಮ ಪತ್ತಾರರು ಬೆಸುಗೆಗೆ ಊದುಗೊಳವೆ ಹಿಡಿದ ಹಾಗೆಯೇ. ಕೆಂಪಿನಲ್ಲಿ ಸೇರಿದ ನೀಲಿ ಛಾಯೆ ಹೋಗಲು ಅಷ್ಟು ಶಾಖ ಸಾಕು. ಬಿಳಿಚಿದ ಕಲ್ಲಿಗೆ ನೀಲಿ ತರಿಸಲು ಸಾಲದು.

ಅದು ಸಾಧ್ಯವಾಗಿದ್ದು 1970ರ ದಶಕದಲ್ಲಿ. ಶ್ರೀಲಂಕಾದಲ್ಲಿ 'ಗೆವುಡ' ಅಂತ ಒಂದು ಕಲ್ಲು ಸಿಗುತ್ತದೆ, ಮಜ್ಜಿಗೆ ಕಲಸಿದ ಹಾಗೆ ಮಬ್ಬು ಮಬ್ಬು, ಕೇಳೋರೇ ಇರಲಿಲ್ಲ. ಥಾಯ್ಲೆಂಡಿನ ವ್ಯಾಪಾರಿಗಳು ಅದನ್ನು ಕಮ್ಮಿ ರೇಟಿಗೆ ಕೊಂಡುಹೋಗಿ 1500 ಡಿಗ್ರಿ ಸೆಲ್ಸಿಯಸ್ಸಿಗೂ ಜಾಸ್ತಿ ಶಾಖದ ಕುಲುಮೆಯಲ್ಲಿಟ್ಟರು. ಹೊರಗೆ ತೆಗೆದರೆ ಒಳ್ಳೇ ನೀಲ! ಮಾಟ ಏನಿಲ್ಲ. ನೀಲ ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಅದಕ್ಕೆ ನೀಲಿ ಕೊಡೋದು ಕಬ್ಬಿಣ ಮತ್ತು ಟೈಟಾನಿಯಂ. ಗೆವುಡದಲ್ಲಿ ಟೈಟಾನಿಯಂ ಇರುತ್ತದೆ, ಆದರೆ ರೂಟೈಲ್ ಅನ್ನೋ ಖನಿಜದ ಸಣ್ಣ ಎಳೆಗಳಾಗಿ ಬೇರೆ ಕೂತಿರುತ್ತದೆ. ಅದಕ್ಕೇ ಆ ಮಬ್ಬು. ಸರಿಯಾದ ಶಾಖ ಕೊಟ್ಟರೆ ಎಳೆ ಕರಗಿ ಟೈಟಾನಿಯಂ ಹರಳಿನೊಳಗೆ ಬೆರೆಯುತ್ತದೆ. ಮಬ್ಬು ಹೋಗುತ್ತದೆ, ನೀಲಿ ಏಳುತ್ತದೆ, ಮತ್ತೆ ಮಾಸೋದಿಲ್ಲ. ಹೊರಗಿನಿಂದ ಏನೂ ಸೇರಿಸಿಲ್ಲ ಅನ್ನೋದು ಗಮನದಲ್ಲಿರಲಿ. ಇವತ್ತು ಮಾರುಕಟ್ಟೆಯಲ್ಲಿರುವ ನೀಲಗಳಲ್ಲಿ ಬಹುಪಾಲು ಹೀಗೆ ಕಾಸಿದವೇ.

ಈ ಎಳೆಗಳಿಗೆ ರತ್ನದವರು ರೇಷ್ಮೆ ಅಂತಾರೆ. ಹತ್ತು ಪಟ್ಟು ದೊಡ್ಡದು ತೋರಿಸುವ ಲೆನ್ಸ್ ಹಿಡಿದಾಗ ಎಳೆ ಮುರಿಯದೆ ಒಂದಕ್ಕೊಂದು ಅಡ್ಡಡ್ಡ ಹೆಣೆದಿದ್ದರೆ, ಹೆಚ್ಚಿನ ಶಾಖ ಕಂಡಿಲ್ಲ ಅಂತ ಅರ್ಥ. ಎಳೆ ಹರಿದು ಚುಕ್ಕೆ ಚುಕ್ಕೆ ಆಗಿದ್ದರೆ, ಒಳಗಿನ ಸಣ್ಣ ಕಣದ ಸುತ್ತ ಬಿಲ್ಲೆಯಂಥ ಬಿರುಕು ಕಂಡರೆ, ಕುಲುಮೆ ನೋಡಿ ಬಂದ ಹರಳು ಅಂತ ಸಂಶಯಪಡಬಹುದು. ನಾನೂ ಒಂದು ಲೆನ್ಸ್ ಇಟ್ಟುಕೊಂಡಿದ್ದೇನೆ. ಹತ್ತು ಹರಳಿನಲ್ಲಿ ಎಂಟರಲ್ಲಿ ಏನೂ ತಿಳಿಯೋದಿಲ್ಲ, ಸುಮ್ನೆ ತಲೆ ಆಡಿಸುತ್ತೇನೆ.

ಬೀದರಿನ ಮಾಮಾನ ಮನೆಯ ಶೋಕೇಸಿನಲ್ಲಿ ಒಂದು ಬಿದ್ರಿ ಹೂದಾನಿ ಇದೆ. ಅದು ಸತುವಿಗೆ ಒಂದಿಷ್ಟು ತಾಮ್ರ ಸೇರಿಸಿದ ಲೋಹ, ಅದರ ಸ್ವಂತ ಬಣ್ಣ ಬೂದಿ. ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕೊಟ್ಟ ಉಪಚಾರದಿಂದ ಲೋಹ ಕಪ್ಪಾಗುತ್ತದೆ, ಅದರಲ್ಲಿ ಕೆತ್ತಿ ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಅದನ್ನು ನಕಲಿ ಕಪ್ಪು ಅಂತ ಮಾಮಾ ಯಾವತ್ತೂ ಅಂದಿಲ್ಲ. ಉಲ್ಟಾ, ಬಂದವರಿಗೆಲ್ಲ ಮಣ್ಣಿನ ಕಥೆ ಹೇಳುತ್ತಾರೆ! ಹರಳಿನ ಅಂಗಡಿಯಲ್ಲಿ ಬೆಂಕಿಯ ಕಥೆ ಯಾರೂ ಹೇಳೋದಿಲ್ಲ, ಯಾಕಂದ್ರೆ ಕಾಸದ ನೀಲಕ್ಕೆ ರೇಟು ಬಹಳ ಜಾಸ್ತಿ. ಮಾಮಾ ಕೊಟ್ಟಿದ್ದು ಆ ರೇಟು.

ಕಾಸಿದ್ದಷ್ಟೇ ಆದರೆ ನನಗೆ ಅಂಥ ತಕರಾರಿಲ್ಲ. ಆಮೇಲೆ ಬಂದವು ಬೇರೆ ಥರ. ಮೊದಲು, ಹೊರಗಿನಿಂದ ಟೈಟಾನಿಯಂ ಹಚ್ಚಿ ಕಾಸಿ ಮೇಲ್ಪದರಕ್ಕಷ್ಟೇ ನೀಲಿ ಇಳಿಸಿದರು, ಮತ್ತೆ ಸಾಣೆ ಹಿಡಿದರೆ ಬಣ್ಣವೇ ಹೋದೀತು. 2001ರ ಹೊತ್ತಿಗೆ ಥಾಯ್ಲೆಂಡಿನಿಂದ ರಾಶಿ ರಾಶಿ ಕಿತ್ತಳೆ ಹರಳು ಬಂದಾಗ ಲ್ಯಾಬಿನವರೇ ಮೊದಲು ತಬ್ಬಿಬ್ಬಾದರು. ಕೊನೆಗೆ ಸಿಕ್ಕಿದ್ದು ಬೆರಿಲಿಯಂ, ಹರಳಿನ ಆಳಕ್ಕೂ ಇಳಿಯುವಷ್ಟು ಸಣ್ಣ ಧಾತು. ಅದು ಪೇಲವ ಕಲ್ಲನ್ನು ಹಳದಿಯನ್ನೂ ಮಾಡುತ್ತದೆ. ಅಂದರೆ ನಮ್ಮ ಕನಕ ಪುಷ್ಯರಾಗ! ಲೆನ್ಸಿಗೆ ಇದು ಸಿಗೋದಿಲ್ಲ, ಖಚಿತ ಮಾಡಲು ಲೇಸರಿನಿಂದ ಧಾತು ಅಳೆಯುವ ಯಂತ್ರವೇ ಬೇಕು. ದಪ್ಪ ಹರಳು, ಅರಿಶಿನದ ಹಾಗೆ ಹಳದಿ, ರೇಟು ಮಾತ್ರ ಕಮ್ಮಿ ಅಂದರೆ ಮೊದಲು ಇದನ್ನೇ ಅನುಮಾನಿಸಿ. 2012ರ ಸುಮಾರಿಗೆ ಬಿರುಕು ಕಲ್ಲಿಗೆ ಕೋಬಾಲ್ಟ್ ಬಣ್ಣದ ಸೀಸದ ಗಾಜು ತುಂಬಿದ ನೀಲವೂ ಬಂತು. ಪತ್ತಾರರ ಉರಿ ತಾಗಿದರೂ ಅದು ಕೆಟ್ಟುಹೋಗುತ್ತದೆ, ನಿಂಬೆರಸ ಸಹ ಆಗಿಬರೋದಿಲ್ಲ.

ಇವೆಲ್ಲಕ್ಕೂ ಅಂಗಡಿಯಲ್ಲಿ ಒಂದೇ ಹೆಸರು: ಅಸಲಿ. ಕಲ್ಲು ನೆಲದಿಂದ ಬಂದಿದೆಯಲ್ವಾ! ಅದಕ್ಕೇ ಈಗ ನಾನು ಕೇಳೋದು "ಅಸಲಿಯಾ?" ಅಂತ ಅಲ್ಲ. "ಇದಕ್ಕೆ ಏನೇನು ಮಾಡ್ಯಾರ್ರಿ?" ಅಂತ ಕೇಳುತ್ತೇನೆ. ಅಂಗಡಿಯವರೇ ಅಚ್ಚು ಹಾಕಿಸಿದ ಪ್ಲಾಸ್ಟಿಕ್ ಕಾರ್ಡ್ ನಂಬಬೇಡಿ. ಬೇರೆ ಲ್ಯಾಬಿನ ರಿಪೋರ್ಟ್ ಇರಲಿ, ಅದರಲ್ಲಿ ಉಪಚಾರದ ಸಾಲು, ಅಂದರೆ ಹರಳಿಗೆ ಏನು ಮಾಡಿದ್ದಾರೆ ಅನ್ನೋ 'ಟ್ರೀಟ್‌ಮೆಂಟ್' ಸಾಲು ಓದಿ. ಆ ಸಾಲೇ ಇಲ್ಲದ ರಿಪೋರ್ಟ್ ಇದ್ದೂ ಒಂದೇ ಇಲ್ಲದಿದ್ದೂ ಒಂದೇ. ತೂಕ ಕ್ಯಾರೆಟ್ಟಿನಲ್ಲಿ ಕೇಳಿ, 200 ಮಿಲಿಗ್ರಾಂಗೆ ಒಂದು ಕ್ಯಾರೆಟ್, ಎಲ್ಲಿ ಹೋದರೂ ಅದೇ. ರತ್ತಿ ಹಾಗಲ್ಲ, ಅಂಗಡಿಗೊಂದು ಲೆಕ್ಕ.

ಮಾಮಾನ ಬಿಲ್ಲಿನಲ್ಲಿ ಇದ್ದದ್ದು ಇಷ್ಟೇ: 'ನೀಲಂ, 1 ನಗ'. ಜಗಳ ಮಾಡಲು ಅದರಲ್ಲಿ ಏನಿದೆ? ಉಂಗುರ ಈಗಲೂ ಅವರ ಬೆರಳಲ್ಲೇ ಇದೆ. ಹೋದ ವರ್ಷ ಮಗಳ ಪುಷ್ಯರಾಗಕ್ಕೆ ಇನ್ನೊಂದು ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ಹರಳು ಆರಿಸಿ, ರೇಟು ಮುಗಿಸಿ, ಮಾಮಾ ಅಂದರು, "ಕಾಸಿಲ್ಲ, ಏನೂ ಸೇರಿಸಿಲ್ಲ ಅಂತ ಬಿಲ್ಲಿನಾಗ ಬರೀರಿ." ಅಂಗಡಿಯವರು ಪೆನ್ನು ಕೆಳಗಿಟ್ಟು, ಹುಡುಗನಿಗೆ ಚಹಾ ತರಲು ಹೇಳಿದರು.