ಹಿಮನದಿಯ ವೇಗವನ್ನು ಓದುವ ಬಗೆ

ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಯಾಕೋಬ್ಸ್‌ಹಾವ್ನ್ ಹಿಮನದಿ 2012ರ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 46 ಮೀಟರ್ ಹರಿಯಿತು. ಬಿರುಕುಗಳೇ ತುಂಬಿ ಕಾಲಿಡಲೂ ಆಗದ ಆ ಹಿಮದ ವೇಗವನ್ನು ಅಳೆದದ್ದು ಉಪಗ್ರಹದ ರೇಡಾರ್. ಮೋಡವಾಗಲಿ, ಧ್ರುವಗಳ ದೀರ್ಘ ರಾತ್ರಿಯಾಗಲಿ ಅದಕ್ಕೆ ಅಡ್ಡಿಯಲ್ಲ. ಒಂದೇ ಕಕ್ಷೆಯಿಂದ ಕೆಲವು ದಿನಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಇಟ್ಟುಕೊಂಡು, ಮೊದಲನೆಯದರ ಒಂದೊಂದು ಚಿಕ್ಕ ತುಣುಕೂ ಎರಡನೆಯದರಲ್ಲಿ ಎಲ್ಲಿಗೆ ಸರಿದಿದೆ ಎಂದು ಕಂಪ್ಯೂಟರಿನಿಂದ ಹುಡುಕಿಸುತ್ತೇವೆ. ಸರಿದ ದೂರವನ್ನು ದಿನಗಳಿಂದ ಭಾಗಿಸಿದರೆ ವೇಗ ದೊರೆಯುತ್ತದೆ.

ಅಂಟಾರ್ಕ್ಟಿಕಾದ ಒಳಭಾಗದಲ್ಲಿ ಇಷ್ಟು ಸಾಲದು. ಅಲ್ಲಿ ಹಿಮ ವರ್ಷಕ್ಕೆ ಕೆಲವೇ ಮೀಟರ್ ಸರಿಯುವುದರಿಂದ ಹನ್ನೆರಡು ದಿನಗಳ ಚಲನೆ ಒಂದು ಗೇಣಿಗೂ ಕಡಿಮೆಯಿರಬಹುದು. ಆಗ ಎರಡು ಸಲವೂ ಹಿಮಕ್ಕೆ ತಗುಲಿ ಮರಳಿ ಬಂದ ರೇಡಾರ್ ಅಲೆಗಳನ್ನೇ ಒಂದರೊಡನೊಂದು ಹೋಲಿಸುತ್ತೇವೆ. ಅಲೆಯುದ್ದ 5.6 ಸೆಂ.ಮೀ. ಇರುವ ರೇಡಾರಿನಲ್ಲಿ, ಹಿಮವು ಉಪಗ್ರಹದ ನೋಟದ ದಿಕ್ಕಿನಲ್ಲಿ 2.8 ಸೆಂ.ಮೀ. ಸರಿದರೆ ಆ ಹೋಲಿಕೆಯ ಚಿತ್ರದಲ್ಲಿ ಒಂದು ಪಟ್ಟಿ ಮೂಡುತ್ತದೆ.

ಆದರೆ ರೇಡಾರ್ ಓರೆಯಾಗಿ ನೋಡುವುದರಿಂದ ಹಿಮದ ಮೇಲೆ-ಕೆಳಗಿನ ಚಲನೆಯೂ ಅದರ ಅಳತೆಯಲ್ಲಿ ಬೆರೆಯುತ್ತದೆ. ಹಿಮನದಿಯ ತುದಿ ಸಮುದ್ರದ ಮೇಲೆ ತೇಲುತ್ತಿದ್ದರೆ ಉಬ್ಬರವಿಳಿತಕ್ಕೆ ಅದು ಏರಿಳಿಯುತ್ತದೆ. ಆ ಏರಿಳಿತವನ್ನು ಕಳೆಯದೆ ಬಿಟ್ಟರೆ ನಕ್ಷೆಯಲ್ಲಿ ಅದು ಹರಿವಿನ ವೇಗವೆಂದೇ ದಾಖಲಾಗುತ್ತದೆ. ಹಾಗೆಂದು ಅದನ್ನು ಬರಿಯ ಕಸವೆಂದು ಎಸೆಯುವಂತಿಲ್ಲ. ಈ ಏರಿಳಿತದಿಂದ ಮೂಡಿದ ಪಟ್ಟಿಗಳು ಒತ್ತೊತ್ತಾಗಿ ಸೇರಿದ ಜಾಗವೇ ಹಿಮವು ನೆಲವನ್ನು ಬಿಟ್ಟು ತೇಲತೊಡಗುವ ಅಂಚು, ಮತ್ತು ಆ ಅಂಚು ಒಳನಾಡಿನತ್ತ ಸರಿಯುತ್ತಿದೆಯೇ ಎಂಬುದು, ನನ್ನ ಮಟ್ಟಿಗೆ, ವೇಗಕ್ಕಿಂತಲೂ ಮುಖ್ಯವಾದ ಪ್ರಶ್ನೆ.

ಒಂದೆರಡು ವರ್ಷಗಳ ವೇಗವನ್ನು ನೋಡಿ ತೀರ್ಮಾನಕ್ಕೆ ಬರುವವರನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಯಾಕೋಬ್ಸ್‌ಹಾವ್ನ್ 2016ರ ನಂತರ ನಿಧಾನವಾಯಿತು, ಅದರ ತುದಿ ದಪ್ಪವೂ ಆಯಿತು. ತಣ್ಣನೆಯ ಸಮುದ್ರದ ನೀರು ಅದರ ಬುಡಕ್ಕೆ ಬಂದದ್ದು ಇದಕ್ಕೆ ಕಾರಣ. ಆದರೂ ಅದಕ್ಕೆ ಹಿಮವೊದಗಿಸುವ ಇಡೀ ಪ್ರದೇಶ ಒಟ್ಟಾರೆ ಹಿಮವನ್ನು ಕಳೆದುಕೊಳ್ಳುತ್ತಲೇ ಇತ್ತು. ವೇಗವನ್ನು ಹಿಮದ ದಪ್ಪ ಮತ್ತು ಅಗಲಗಳೊಂದಿಗೆ ಗುಣಿಸಿ, ಮೇಲೆ ಬಿದ್ದು ಉಳಿದ ಹಿಮದೊಡನೆ ತೂಗಿದಾಗ ಮಾತ್ರ ಲಾಭನಷ್ಟ ತಿಳಿಯುತ್ತದೆ. ಎತ್ತರವನ್ನು ಲೇಸರಿನಿಂದ ಅಳೆಯುವ ಐಸ್‌ಸ್ಯಾಟ್-2, ಗುರುತ್ವದ ಏರುಪೇರನ್ನು ಗಮನಿಸುವ ಗ್ರೇಸ್ ಸರಣಿಯ ಉಪಗ್ರಹಗಳು ಈ ಲೆಕ್ಕವನ್ನು ತಾಳೆನೋಡಲು ನೆರವಾಗುತ್ತವೆ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ-ಇಸ್ರೋ ಸಹಯೋಗದ ನಿಸಾರ್ ಉಪಗ್ರಹದ ಮೇಲೆ ನನಗೆ ದೊಡ್ಡ ನಿರೀಕ್ಷೆಯಿದೆ. ಸಾಮಾನ್ಯವಾಗಿ ಬಲಕ್ಕೆ ನೋಡುವ ರೇಡಾರ್ ಉಪಗ್ರಹಗಳಿಗೆ ದಕ್ಷಿಣ ಧ್ರುವದ ಸುತ್ತಲಿನ ವಿಶಾಲ ಪ್ರದೇಶ ಕಾಣುವುದಿಲ್ಲ. ನಿಸಾರ್ ಎಡಕ್ಕೆ ನೋಡುತ್ತಾ, ಹನ್ನೆರಡು ದಿನಗಳಿಗೊಮ್ಮೆ ಅದೇ ಹಾದಿಗೆ ಮರಳುತ್ತದೆ.