ಕದಲದ ಮೊಲ

ಡ್ರೋನ್ ಛಾಯಾಗ್ರಹಣ ಕಲಿಯಲು ಬರುವವರಿಗೆ ಹಾರಿಸುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಎಲ್ಲಿ ಹಾರಿಸಬಹುದು, ಎಲ್ಲಿ ಕೂಡದು ಎಂಬ ನಿಯಮವನ್ನೂ ಓದಿಕೊಂಡೇ ಬಂದಿರುತ್ತಾರೆ. ಆದರೆ ಹಿತ್ತಿಲಿನ ಅಳಿಲು, ಮೊಲ, ಹಕ್ಕಿಗಳ ವಿಡಿಯೊ ತೋರಿಸುವಾಗ ಬಹುತೇಕ ಎಲ್ಲರೂ ಆಡುವ ಒಂದು ಮಾತು ಕೇಳಿ ಕೇಳಿ ನನ್ನ ತಾಳ್ಮೆ ಸವೆದಿದೆ: "ಅದಕ್ಕೇನೂ ತೊಂದರೆಯಾಗಲಿಲ್ಲ ಸರ್, ಕದಲಲೇ ಇಲ್ಲ."

ಕಳೆದ ಸಲ ಹೀಗೆ ಹೇಳಿದ ಹುಡುಗ ಒಳ್ಳೆಯವನೇ. ಪ್ರಾಣಿಗಳೆಂದರೆ ಅವನಿಗೆ ಪ್ರೀತಿ, ಕೈ ಕೂಡ ಸ್ಥಿರ. ಬೇಲಿಯಂಚಿನ ಹುಲ್ಲಿನಲ್ಲಿ ಕುಳಿತ ಮೊಲವೊಂದನ್ನು ನೆತ್ತಿಯ ಮೇಲಿನಿಂದ ಚಿತ್ರಿಸಿ ತಂದಿದ್ದ. ವಿಡಿಯೊ ನಿಲ್ಲಿಸಿ, ಮೊಲದ ಬಾಯಿಯನ್ನು ದೊಡ್ಡದು ಮಾಡಿ ತೋರಿಸಿದೆ. ತುಟಿಯ ಬಲಗಡೆ ಹುಲ್ಲಿನ ಎಳೆಯೊಂದು ಜೋತುಬಿದ್ದಿತ್ತು. ಎರಡು ನಿಮಿಷ ಮುಂದೆ ಓಡಿಸಿದರೂ ಎಳೆ ಅಷ್ಟೇ ಉದ್ದ. ಕಿವಿಗಳೆರಡೂ ಬೆನ್ನಿಗೆ ಅಂಟಿದ್ದವು, ಮೈ ನೆಲಕ್ಕೆ ಅದುಮಿಕೊಂಡಿತ್ತು. ಮೇಯುತ್ತಿದ್ದ ಮೊಲ ಅರ್ಧ ತುತ್ತಿನಲ್ಲಿ ಜಗಿಯುವುದನ್ನು ಬಿಟ್ಟರೆ ಅದು ನೆಮ್ಮದಿಯಲ್ಲ, ಅಡಗುವಿಕೆ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬೇಟೆಗೆ ಸಿಕ್ಕುವ ಪ್ರಾಣಿಯ ಮುಂದಿರುವುದು ಎರಡೇ ದಾರಿ: ಓಡುವುದು ಅಥವಾ ಕಲ್ಲಾಗುವುದು. ಆಕಾಶದಿಂದ ಬರುವ ಅಪಾಯಕ್ಕೆ ಹಲವು ಪ್ರಾಣಿಗಳು ಮೊದಲು ಕಲ್ಲಾಗುತ್ತವೆ, ಏಕೆಂದರೆ ಅಲುಗಿದ್ದು ಗಿಡುಗನ ಕಣ್ಣಿಗೆ ಬೀಳುತ್ತದೆ. ಕಾವಿಗೆ ಕುಳಿತ ಹಕ್ಕಿಯ ಪಾಡು ಇನ್ನೂ ಕಷ್ಟ. ಹಾರಿಹೋಗಬೇಕೆನಿಸಿದರೂ ಅಡಿಯಲ್ಲಿ ಮೊಟ್ಟೆಗಳಿವೆ.

ಅಮೆರಿಕದ ಮಿನ್ನೆಸೋಟದಲ್ಲಿ ಸಂಶೋಧಕರು ಕಪ್ಪು ಕರಡಿಗಳ ಎದೆಬಡಿತ ಅಳೆಯುವ ಉಪಕರಣವಿಟ್ಟು, ಅವುಗಳ ಮೇಲೆ ಡ್ರೋನ್ ಹಾರಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕರಡಿಗಳು ಜಾಗ ಬಿಟ್ಟು ಓಡಿದ್ದು ಅಪರೂಪ. ಆದರೆ ಒಂದು ಕರಡಿಯ ಎದೆಬಡಿತ ಮೊದಲಿದ್ದುದಕ್ಕಿಂತ ನಿಮಿಷಕ್ಕೆ 123ರಷ್ಟು ಏರಿತ್ತು. ಕರಡಿಯ ಲೆಕ್ಕವನ್ನು ಅಳಿಲಿಗೆ ಹಾಗೆಯೇ ಹೊರಿಸಲಾರೆ. ಒಂದು ಜೀವಿಯಂತೆ ಇನ್ನೊಂದಿರುವುದಿಲ್ಲ. ಆದರೂ "ಕದಲಲಿಲ್ಲ" ಎಂಬ ಸಾಕ್ಷ್ಯ ಎಷ್ಟು ಟೊಳ್ಳೆಂದು ತಿಳಿಯಲು ಅಷ್ಟು ಸಾಕು.

ಅದೇ ವರ್ಷದ ಇನ್ನೊಂದು ಅಧ್ಯಯನವನ್ನು ನನ್ನೆದುರು ಹಿಡಿಯುವವರೂ ಇದ್ದಾರೆ. ಬಾತು, ರಾಜಹಂಸ ಮುಂತಾದ ನೀರಹಕ್ಕಿಗಳ ಬಳಿಗೆ ಡ್ರೋನ್ ಕಳಿಸಿದಾಗ ಶೇ. 80ರಷ್ಟು ಸಲ 4 ಮೀಟರ್‌ವರೆಗೆ ಹೋದರೂ ಅವು ಗಮನಾರ್ಹವಾಗಿ ಪ್ರತಿಕ್ರಿಯಿಸಲಿಲ್ಲ ಎಂಬುದು ಅದರ ಫಲಿತಾಂಶ. ನಿಜ. ಅಲ್ಲಿ ನೋಡಿದ್ದು ಕಣ್ಣಿಗೆ ಕಾಣುವ ವರ್ತನೆಯನ್ನು ಮಾತ್ರ, ಎದೆಬಡಿತವನ್ನಲ್ಲ. ಅದೇ ಅಧ್ಯಯನದ ಇನ್ನೊಂದು ಮಾತನ್ನು ಇವರು ಹೇಳುವುದೇ ಇಲ್ಲ: ನೆತ್ತಿಯ ಮೇಲಿನಿಂದ ನೇರವಾಗಿ ಇಳಿದಾಗ ಹಕ್ಕಿಗಳು ಹೆಚ್ಚು ಬೆದರಿದವು. ನಮ್ಮವರಿಗೆ ಇಷ್ಟವಾಗುವ ಕೋನ ಅದೊಂದೇ!

ಹಾಗಾದರೆ ಏನು ಮಾಡಬೇಕು? ಡ್ರೋನ್ ಪೆಟ್ಟಿಗೆಯಲ್ಲೇ ಇರಲಿ. ಮೊದಲು ಹತ್ತು ನಿಮಿಷ ದುರ್ಬೀನು ಹಿಡಿದು ಸುಮ್ಮನೆ ಕುಳಿತುಕೊಳ್ಳಿ. ಪ್ರಾಣಿ ಏನು ಮಾಡುತ್ತಿದೆ, ಎಷ್ಟು ಸಲ ತಲೆಯೆತ್ತುತ್ತದೆ, ಯಾವ ಕಡೆ ಕಿವಿ ತಿರುಗಿಸುತ್ತದೆ ಎಂದು ನೋಡಿ. ಮೊದಲು ಹೇಗಿತ್ತೆಂದು ಗೊತ್ತಿಲ್ಲದವನಿಗೆ ಆಮೇಲೆ ಬದಲಾದದ್ದು ತಿಳಿಯುವುದಿಲ್ಲ. ಡ್ರೋನನ್ನು ಅದರ ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಸಾಧ್ಯವಾದರೆ ಮನೆಯ ಮರೆಯಲ್ಲಿ ಏರಿಸಿ. ಬೇಕಾದ ಎತ್ತರ ತಲುಪಿದ ಮೇಲೆ ಓರೆಯಾಗಿ, ನಿಧಾನವಾಗಿ ಬನ್ನಿ. ಹತ್ತಿರದ ಚಿತ್ರಕ್ಕೆ ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿ ಲೆನ್ಸ್ ಇದೆ, ಡ್ರೋನನ್ನೇ ಹತ್ತಿರ ಒಯ್ಯಬೇಡಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಿಮಗೆ ಕೇಳಿಸದ ಕೀರಲು ಸದ್ದು ಬೆಕ್ಕು, ಇಲಿಗಳಿಗೆ ಕೇಳಿಸುತ್ತದೆ ಎಂಬುದೂ ನೆನಪಿರಲಿ. ಮೇಯುವುದು ನಿಂತರೆ ಬಂದ ದಾರಿಯಲ್ಲೇ ಹಿಂದಕ್ಕೆ. "ಇನ್ನೊಂದೇ ಶಾಟ್" ಬೇಡ.

ಗೂಡಿನ ಹತ್ತಿರ ಮಾತ್ರ ಹಾರಿಸಲೇಬೇಡಿ. ಇದರಲ್ಲಿ ನನ್ನ ಬಳಿ ರಿಯಾಯಿತಿಯಿಲ್ಲ. 2021ರಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚೀಕಾದಲ್ಲಿ ಡ್ರೋನೊಂದು ಬಿದ್ದು, ಬೆದರಿದ ಟರ್ನ್ ಎಂಬ ಕಡಲಹಕ್ಕಿಗಳು ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನು ಬಿಟ್ಟು ಹೋದವು. ನಾನೂ ಹೊಸದರಲ್ಲಿ ಬೆಳವದ ಗೂಡೊಂದರ ಬಳಿ ಡ್ರೋನ್ ಹಾರಿಸಿ ಹಕ್ಕಿಯನ್ನು ಬೆದರಿಸಿದ್ದೆ. ಹಕ್ಕಿ ಮರಳಿ ಬರುವವರೆಗೆ ಗಡಿಯಾರ ನೋಡುತ್ತ ನಿಂತಿದ್ದ ಆ ಮಧ್ಯಾಹ್ನ ಇನ್ನೂ ಮರೆತಿಲ್ಲ.

ಆ ಹುಡುಗನಿಂದ ಕತ್ತರಿಸದ ಮೂಲ ವಿಡಿಯೊ ತರಿಸಿದೆ. ಡ್ರೋನ್ ಹಿಂದೆ ಸರಿಯುವ ಕೊನೆಯ ಭಾಗವನ್ನು ಬೇಸರವೆಂದು ತೆಗೆದುಹಾಕಿದ್ದನಂತೆ. ಅದರಲ್ಲಿ ಮೊಲ ಪುಟ್ಟ ಚುಕ್ಕೆಯಾಗುವ ಹೊತ್ತಿಗೆ ಮೊದಲು ಒಂದು ಕಿವಿ ಎದ್ದಿತು, ಆಮೇಲೆ ಇನ್ನೊಂದು. ಹುಲ್ಲಿನ ಎಳೆ ಮೆಲ್ಲಗೆ ಬಾಯೊಳಗೆ ಹೋಯಿತು. ಹುಡುಗ ಅದನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದ.